ಡಾಕ್ಟರ್ ಫರ್ಡಿನಾಂಡ್ ಕಿಟೆಲರ ಚರಿತ್ರೆ: ಒಂದರಂತೆ ತೋರುವ ಎರಡು ಮಾತುಗಳ ವಿಚಾರ

ನಮ್ಮ ಶಾಲೆಯಲ್ಲಿ ಓದಿ ಹೋದ ಸಹೋದರಿಯರಿಗೂ ಅವರ ತಾಯಿತಂದೆಗಳಿಗೂ ಈ ಸಂಚಿಕೆಯಲ್ಲಿ ಒಬ್ಬ ಮಹನೀಯರ ಚರಿತ್ರೆಯನ್ನು ಒಪ್ಪಿಸಲು ಬಯಸುತ್ತೇವೆ. ಇವರ ಹೆಸರನ್ನು ಕೇಳದ ಕನ್ನಡಿಗರು ವಿರಳ. ಇವರ ದೊಡ್ಡ ಗ್ರಂಥವನ್ನು ಪುಸ್ತಕಶಾಲೆಯ ಮೇಲ್ಸಾಲಿನಲ್ಲಿ ಕಂಡವರು ಅನೇಕರು. ಇವರ ಬಾಳಿನ ವೃತ್ತಾಂತವನ್ನು ಬಲ್ಲವರು ಮಾತ್ರ ಕೆಲವರೇ. ಕನ್ನಡ ಇಂಗ್ಲಿಷ್ ನಿಘಂಟನ್ನು ರಚಿಸಿದ ಡಾಕ್ಟರ್ ಫರ್ಡಿನಾಂಡ್ ಕಿಟೆಲರೇ ಇವರು. ಇವರ ಚರಿತ್ರೆಯನ್ನು ಹೇಳುವಾಗ ನಾವು ಒಂದು ಚಿಕ್ಕ ವಿಷಯವನ್ನು ಕೈದೀಪದಂತೆ ಹಿಡಿದು ನಡೆಯುವೆವು. ಒಂದರಂತೆ ಇನ್ನೊಂದು ಕೇಳಿಸಿ, ನಮ್ಮ ಬಾಯಲ್ಲಿಯೂ ಬರಹದಲ್ಲಿಯೂ ಸ್ಥಾನ ತಪ್ಪುವ ಮಾತುಗಳೇ ಆ ವಿಷಯ.

ಭಾಷೆಯನ್ನು ಪ್ರೀತಿಸುವ ಪ್ರತಿಯೊಬ್ಬರಿಗೂ ಸಹಿಸಲಾರದ ತಪ್ಪು ಒಂದಾದರೂ ಇದ್ದೇ ಇರುತ್ತದೆ. ಶಿಷ್ಯೆಯು ಪತ್ರದ ಕೊನೆಯಲ್ಲಿ ಕೃತಜ್ಞಳೆಂದು ಬರೆಯುವ ಬದಲು ಕೃತಘ್ನಳೆಂದು ಬರೆದರೆ ಉಪಾಧ್ಯಾಯಿನಿಯ ಹುಬ್ಬು ಗಂಟಿಕ್ಕುತ್ತದೆ. ಮಾಡಿದ ಉಪಕಾರವನ್ನು ನೆನೆಯುವವಳು ಒಂದೇ ಅಕ್ಷರದ ದೆಸೆಯಿಂದ ಉಪಕಾರವನ್ನು ಕೊಲ್ಲುವವಳಾಗಿಬಿಡುತ್ತಾಳಷ್ಟೆ. ಇನ್ನೊಬ್ಬರಿಗೆ ಅನಲ ಅನಿಲಗಳ ಗೊಂದಲವನ್ನು ಕಂಡರೆ ಆಗದು; ಮೊದಲನೆಯದು ಬೆಂಕಿ, ಎರಡನೆಯದು ಗಾಳಿ. ಅಪೇಕ್ಷೆಯೆಂದರೆ ಬಯಕೆ, ಉಪೇಕ್ಷೆಯೆಂದರೆ ಅಲಕ್ಷ್ಯ. ಪ್ರಸಾದವು ಅನುಗ್ರಹ, ಪ್ರಾಸಾದವು ಅರಮನೆ. ಪರಿಣಾಮವು ಫಲ, ಪರಿಮಾಣವು ಅಳತೆ. ಸಕಲವೆಂದರೆ ಎಲ್ಲವೂ, ಶಕಲವೆಂದರೆ ಒಡೆದ ಚೂರು. ಧನವೆಂಬಲ್ಲಿ ದನವೆಂದು ಬರೆದವರನ್ನು ಮಾತ್ರ ಅರ್ಧ ಕ್ಷಮಿಸಬಹುದು. ನಮ್ಮ ಹಿರಿಯರ ಕಾಲದಲ್ಲಿ ದನವಿದ್ದವನೇ ಧನವಂತನಾಗಿದ್ದನು.

ಇವು ಬರಹದ ತಪ್ಪುಗಳು. ಬಾಯಿಮಾತಿನ ತಪ್ಪಿಗೆ ದೊರೆಯುವ ದಂಡನೆಯು ಇದಕ್ಕಿಂತ ಕಠಿಣವಾದದ್ದು. ಹಾಲನ್ನು ಆಲೆಂದೂ ಹಕ್ಕಿಯನ್ನು ಅಕ್ಕಿಯೆಂದೂ ಆಡುವ ಮನೆಯಿಂದ ಬಂದ ಹುಡುಗಿಯು ಪಾಠವನ್ನೋದಲು ಎದ್ದು ನಿಂತರೆ ತರಗತಿಯಲ್ಲೆಲ್ಲ ಮುಸಿಮುಸಿ ನಗೆ ಹಬ್ಬುತ್ತದೆ. ನಕ್ಕವರು ಸಂಜೆಯ ಗಂಟೆಗೆ ಮುಂಚೆಯೇ ಅದನ್ನು ಮರೆತುಬಿಡುತ್ತಾರೆ. ನಗೆಪಾಟಲಾದವಳು ಮರೆಯುವುದಿಲ್ಲ. ಉತ್ತರವು ಗೊತ್ತಿದ್ದರೂ ಅವಳು ಕೈಯೆತ್ತದೆ ಕುಳಿತು ವರ್ಷಗಳನ್ನು ಕಳೆಯುವುದುಂಟು. ಹಾಗಾದರೆ ತಪ್ಪನ್ನು ತಿದ್ದಬಾರದೋ? ತಿದ್ದಲೇಬೇಕು. ಆದರೆ ತಿದ್ದುವವರಿಗೆ ಎಷ್ಟು ತಿಳಿವಳಿಕೆ ಬೇಕು, ಎಷ್ಟು ತಾಳ್ಮೆ ಬೇಕು ಎಂಬುದನ್ನು ಕಿಟೆಲರ ಬಾಳು ನಮಗೆ ಚೆನ್ನಾಗಿ ಕಲಿಸುತ್ತದೆ.

ಕಿಟೆಲರು 1832ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಜರ್ಮನಿ ದೇಶದ ಉತ್ತರ ಸಮುದ್ರದ ತೀರಕ್ಕೆ ಸೇರಿದ ಪೂರ್ವ ಫ್ರೀಸ್‌ಲ್ಯಾಂಡ್ ಪ್ರಾಂತದ ರೆಸ್ಟರ್‌ಹಾಫೆ ಎಂಬ ಚಿಕ್ಕ ಊರಿನಲ್ಲಿ ಹುಟ್ಟಿದರು. ತಂದೆಯು ಸಭಾಪಾಲಕರು. ಅದೇ 1832ರಲ್ಲಿ, ಸಾವಿರಾರು ಮೈಲಿಗಳ ಆಚೆಯ ಕನ್ನಡ ನಾಡಿಗಾಗಿ ವಿಲಿಯಂ ರೀವ್ ಎಂಬವರ ಕನ್ನಡ ಇಂಗ್ಲಿಷ್ ನಿಘಂಟು ಪ್ರಕಟವಾಯಿತು. ಒಂದು ನಿಘಂಟು ಹುಟ್ಟಿದ ವರ್ಷದಲ್ಲಿಯೇ ಅದನ್ನು ಮೀರಿಸತಕ್ಕ ಮತ್ತೊಂದು ನಿಘಂಟಿನ ಕರ್ತನೂ ಹುಟ್ಟಿದನೆಂಬುದು ನೆನಪಿನಲ್ಲಿಡತಕ್ಕ ಸಂಗತಿ.

ಆ ಪ್ರಾಂತದ ಸಾಮಾನ್ಯ ಜನರು ಆಡುತ್ತಿದ್ದ ನುಡಿಯು ಕೆಳಜರ್ಮನ್. ಶಾಲೆಯಲ್ಲಿಯೂ ದೇವಾಲಯದಲ್ಲಿಯೂ ಬಳಕೆಯಲ್ಲಿದ್ದುದು ಮೇಲ್ಜರ್ಮನ್. ನೀರಿಗೆ ಮೊದಲನೆಯದರಲ್ಲಿ ವಾಟರ್ ಎಂದರೆ ಎರಡನೆಯದರಲ್ಲಿ ವಾಸ್ಸರ್ ಎನ್ನಬೇಕು. ಸೇಬಿಗೆ ಒಂದರಲ್ಲಿ ಆಪ್ಪೆಲ್, ಮತ್ತೊಂದರಲ್ಲಿ ಆಪ್ಫೆಲ್. ಒಂದೇ ಪದಾರ್ಥಕ್ಕೆ ಎರಡು ಉಚ್ಚಾರಗಳುಂಟು, ಎರಡಕ್ಕೂ ಅದರದರ ಕುಲವೃತ್ತಾಂತವುಂಟು ಎಂಬುದು ಅಂಥ ಊರಿನ ಮಕ್ಕಳಿಗೆ ಪುಸ್ತಕದಿಂದ ಕಲಿಯತಕ್ಕ ಸಂಗತಿಯಾಗಿರಲಿಲ್ಲ. ಬಾಲಕನು ಔರಿಚ್ ಪಟ್ಟಣದ ಪ್ರೌಢಶಾಲೆಯಲ್ಲಿ ಓದಿ ಲ್ಯಾಟಿನ್, ಗ್ರೀಕ್, ಹೀಬ್ರೂ, ಫ್ರೆಂಚ್, ಇಂಗ್ಲಿಷ್ ಭಾಷೆಗಳನ್ನು ಅಭ್ಯಾಸ ಮಾಡಿದನು. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ವಿದ್ಯಾಲಯವನ್ನು ಸೇರಿ, ಮೂರು ವರ್ಷಗಳ ತರುವಾಯ, 1853ರಲ್ಲಿ, ಇಪ್ಪತ್ತೊಂದು ವರ್ಷದ ತರುಣನಾಗಿ ಕನ್ನಡ ನಾಡಿಗೆ ಬಂದನು.

ಮೊದಲು ಧಾರವಾಡದ ಕಡೆಯಲ್ಲಿಯೂ ಅನಂತರ ಮಂಗಳೂರಿನಲ್ಲಿಯೂ ಮಡಿಕೇರಿಯಲ್ಲಿಯೂ ಕಿಟೆಲರು ಕೆಲಸ ಮಾಡಿದರು. ದೇಶೀಯರ ನಡುವೆ ಇರಬೇಕಾದರೆ ದೇಶೀಯರಂತೆಯೇ ಇರಬೇಕೆಂಬುದು ಇವರ ಅಭಿಪ್ರಾಯ. ಆದಕಾರಣ ಇವರು ಊರಿಂದೂರಿಗೆ ಕಾಲ್ನಡಿಗೆಯಾಗಿ ಸಂಚರಿಸುತ್ತ, ಜನರ ಮಾತುಕತೆಗಳನ್ನು ಕಿವಿಗೊಟ್ಟು ಕೇಳುತ್ತ, ಪಂಡಿತರ ಸಂಗಡ ಕುಳಿತು ಕಾವ್ಯಗಳನ್ನು ಓದುತ್ತ ಕಾಲ ಕಳೆದರು. ಇದು ಇವರ ಮೇಲಣ ಅಧಿಕಾರಿಗಳಿಗೆ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. ಬೋಧಿಸಲು ಕಳುಹಿಸಲ್ಪಟ್ಟವನು ಹಳೆಯ ವ್ಯಾಕರಣಗಳಲ್ಲಿಯೂ ಛಂದಸ್ಸಿನಲ್ಲಿಯೂ ಮುಳುಗಿರುವುದು ಯುಕ್ತವೋ ಎಂಬ ಸಂದೇಹವು ಅವರಲ್ಲಿ ಬಹುಕಾಲ ಉಳಿಯಿತು. ಸ್ವಜನರ ಸಂದೇಹವನ್ನು ಹೊತ್ತುಕೊಂಡು ದುಡಿಯುವುದು ಪರಕೀಯರ ವಿರೋಧವನ್ನು ಎದುರಿಸುವುದಕ್ಕಿಂತ ಕಷ್ಟಕರ. ಕಿಟೆಲರು ಈ ಭಾರವನ್ನು ಹೊತ್ತರು.

ಆದರೂ ಈ ಹಾದಿಯಲ್ಲಿ ಇವರೇ ಮೊದಲಿಗರಲ್ಲ. ಬಾಸೆಲ್ ಮಿಶನಿನ ಮುದ್ರಣಾಲಯವು 1841ರಲ್ಲಿಯೇ ಮಂಗಳೂರಿನಲ್ಲಿ ಆರಂಭವಾಗಿತ್ತು. ಹರ್ಮನ್ ಮೋಗ್ಲಿಂಗ್ ಎಂಬವರು 1843ರಲ್ಲಿ ಮಂಗಳೂರ ಸಮಾಚಾರವೆಂಬ, ಕನ್ನಡದ ಮೊತ್ತಮೊದಲಿನ ವರ್ತಮಾನಪತ್ರಿಕೆಯನ್ನು ಹೊರಡಿಸಿ, ಹಳೆಯ ಕನ್ನಡ ಕಾವ್ಯಗಳನ್ನೂ ಅಚ್ಚಿಗೆ ತಂದಿದ್ದರು. ಆ ನೇಗಿಲ ಸಾಲಿನಲ್ಲಿಯೇ ಕಿಟೆಲರು ಬಿತ್ತತೊಡಗಿದರು. 1862ರಲ್ಲಿ ಇವರ ಕಥಾಮಾಲೆಯೆಂಬ ಪದ್ಯಗ್ರಂಥ ಹೊರಬಂದಿತು. ಕ್ರಿಸ್ತಚರಿತೆಯನ್ನು ಕನ್ನಡದ ಮಟ್ಟುಗಳಲ್ಲಿಯೇ ಹಾಡಬೇಕೆಂಬ ಆಶೆಯಿಂದ ಇವರು ಇದನ್ನು ರಚಿಸಿದರು.

ಇಷ್ಟರಲ್ಲಿ ಗೃಹಕೃತ್ಯದಲ್ಲಿ ದುಃಖವೊದಗಿತು. 1860ರಲ್ಲಿ ಇವರು ಪೌಲಿನ್ ಐತ್ ಎಂಬವರನ್ನು ಮದುವೆಯಾಗಿದ್ದರು. ನಾಲ್ಕು ವರ್ಷಗಳೊಳಗಾಗಿ ಆ ಸಾಧ್ವಿಯು ತೀರಿಕೊಂಡರು. ಕೆಲವು ವರ್ಷಗಳ ತರುವಾಯ ಆಕೆಯ ತಂಗಿಯಾದ ಯೂಲಿಯವರು ಕಿಟೆಲರ ಕೈಹಿಡಿದು ಮನೆಯನ್ನು ಮತ್ತೆ ನಿಲ್ಲಿಸಿದರು.

ಇಲ್ಲಿ ವಾಚಕರು ಒಂದು ವಿಷಯವನ್ನು ಯೋಚಿಸಬೇಕು. ಕನ್ನಡವನ್ನು ತಾಯಿಯ ಮಡಿಲಲ್ಲಿ ಕಲಿತ ನಮಗೆ ಹಲ್ಲಿಗೂ ಹಳ್ಳಿಗೂ ಇರುವ ಭೇದವು ಭೇದವೆಂದೇ ತೋರುವುದಿಲ್ಲ. ಅದು ಉಸಿರಿನಷ್ಟು ಸಹಜ. ಆದರೆ ಜರ್ಮನ್ ಭಾಷೆಯಲ್ಲಿ ಲಕಾರ ಳಕಾರಗಳ ಭೇದವಿಲ್ಲ, ನಕಾರ ಣಕಾರಗಳ ಭೇದವಿಲ್ಲ, ತಕಾರ ಟಕಾರಗಳ ಭೇದವಿಲ್ಲ. ಆ ದೇಶದಿಂದ ಬಂದವನಿಗೆ ಕಲ್ಲು ಕಳ್ಳುಗಳು ಒಂದೇ, ಮನೆ ಮಣೆಗಳು ಒಂದೇ, ಬೆಲೆ ಬೆಳೆಗಳು ಒಂದೇ. ನಾವು ಲೆಕ್ಕವಿಲ್ಲದೆ ಪಡೆದ ಸೊತ್ತನ್ನು ಅವರು ಒಂದೊಂದು ಕಾಸಾಗಿ ಎಣಿಸಿ ಗಳಿಸಬೇಕಾಯಿತು. ಎಣಿಸಿ ಗಳಿಸಿದವರಿಗೆ ಕಾಸಿನ ಬೆಲೆ ಗೊತ್ತಿರುತ್ತದೆ. ಕನ್ನಡದಲ್ಲಿ ಒಂದು ಅಕ್ಷರವು ಎಷ್ಟು ಅರ್ಥವನ್ನು ಹೊತ್ತಿರುತ್ತದೆಂಬುದನ್ನು ಕಿಟೆಲರು ನಮ್ಮಲ್ಲಿ ಅನೇಕರಿಗಿಂತ ಸೂಕ್ಷ್ಮವಾಗಿ ಕಂಡುಕೊಂಡದ್ದು ಹೀಗೆ.

ಈ ದೃಷ್ಟಿಯು ಅವರನ್ನು ಕೇಶಿರಾಜನ ಬಳಿಗೆ ಕರೆದೊಯ್ದಿತು. ಹದಿಮೂರನೆಯ ಶತಮಾನದಲ್ಲಿದ್ದ ಈ ವೈಯಾಕರಣನ ಶಬ್ದಮಣಿದರ್ಪಣವನ್ನು ಕಿಟೆಲರು 1872ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಪ್ರಕಟಿಸಿದರು. ಹಳೆಯ ಕನ್ನಡದಲ್ಲಿ ನಾವು ಇಂದು ಬಳಸದ ಎರಡು ಅಕ್ಷರಗಳಿದ್ದವು: ಶಕಟರೇಫವೆನ್ನಿಸಿಕೊಳ್ಳುವ ಱಕಾರ, ರಳವೆನ್ನಿಸಿಕೊಳ್ಳುವ ೞಕಾರ. ಕೇಶಿರಾಜನ ಕಾಲಕ್ಕಾಗಲೇ ೞಕಾರವು ಜನರ ನಾಲಗೆಯಿಂದ ಜಾರುತ್ತಲಿತ್ತು. ಯಾವ ಮಾತಿನಲ್ಲಿ ರಳ, ಯಾವುದರಲ್ಲಿ ಬರಿಯ ಳಕಾರ ಎಂಬ ಗೊಂದಲವು ಬಂದಾಗ ಅವನು ಸುಮ್ಮನೆ ಕೋಪಗೊಳ್ಳಲಿಲ್ಲ. ಆಯಾ ಅಕ್ಷರವುಳ್ಳ ಮಾತುಗಳ ಪಟ್ಟಿಯನ್ನೇ ಬರೆದಿಟ್ಟನು. ಕೋಪವನ್ನು ಕೆಲಸವಾಗಿ ಮಾರ್ಪಡಿಸುವ ಈ ವಿದ್ಯೆಯನ್ನು ಕಿಟೆಲರು ಅವನಿಂದಲೇ ಕಲಿತರೇನೋ ಎಂದು ನಮಗೆ ತೋರುತ್ತದೆ.

ಆ ಎರಡು ಅಕ್ಷರಗಳು ಹೋದದ್ದರಿಂದ ನಮಗಾದ ನಷ್ಟವೇನೆಂಬುದನ್ನು ಕೆಲವು ಉದಾಹರಣೆಗಳಿಂದ ತೋರಿಸುವೆವು. ಹುಡುಗಿಯು ಹಸುವನ್ನು ಕರೆದಳು ಎಂದು ಬರೆದರೆ, ಹೆಸರು ಹಿಡಿದು ಕೂಗಿದಳೋ ಪಾತ್ರೆಯಲ್ಲಿ ಹಾಲನ್ನು ಹಿಂಡಿದಳೋ ಇಂದು ತಿಳಿಯದು. ಹಳೆಯ ಬರಹದಲ್ಲಿ ಕೂಗುವುದಕ್ಕೆ ಕರೆ, ಹಾಲು ಹಿಂಡುವುದಕ್ಕೆ ಕಱೆ. ನಾವು ಬಾಳು ಎನ್ನುವಾಗ ಜೀವಿಸುವುದೂ ಅದೇ, ಕತ್ತಿಯೂ ಅದೇ. ಹಿಂದೆ ಜೀವಿಸುವುದು ಬಾೞ್, ಕತ್ತಿಯು ಬಾಳ್. ಕತ್ತರಿಸುವುದು ಅರಿ, ತಿಳಿಯುವುದು ಅಱಿ. ತೋಟದ ಗಿಡವು ಬಾೞೆ, ನೀರಿನ ಮೀನು ಬಾಳೆ. ಹಳ್ಳಿಯ ಮಾತಿನಲ್ಲಿ ಆರು ಬಂದರು ಎಂದರೆ ಬಂದವರು ಯಾರೆಂಬ ಪ್ರಶ್ನೆಯೂ ಆಗಬಹುದು, ಆರು ಮಂದಿ ಎಂಬ ಲೆಕ್ಕವೂ ಆಗಬಹುದು. ಹಿಂದೆ ಪ್ರಶ್ನೆಗೆ ಆರ್ ಎಂದೂ ಲೆಕ್ಕಕ್ಕೆ ಆಱು ಎಂದೂ ಬೇರೆ ಬೇರೆ ಇದ್ದವು. ಈ ಗೋಡೆಗಳೆಲ್ಲ ಒಂದು ಕಾಲದಲ್ಲಿ ನಿಂತಿದ್ದವೆಂಬುದಕ್ಕೆ ಹಳೆಯ ಕಾವ್ಯಗಳ ಪ್ರಾಸಾಕ್ಷರಗಳು ಒಂದು ಸಾಕ್ಷಿ, ಸೋದರಭಾಷೆಯಾದ ತಮಿಳು ಇನ್ನೊಂದು ಸಾಕ್ಷಿ. ತಮಿಳಿನ ಬರಹವು ಈ ಎರಡು ಅಕ್ಷರಗಳನ್ನು ಇಂದಿಗೂ ಉಳಿಸಿಕೊಂಡಿದೆ. ಕಿಟೆಲರು ಎರಡು ಸಾಕ್ಷಿಗಳನ್ನೂ ವಿಚಾರಿಸಿ, ಹಳೆಯ ಅಕ್ಷರಗಳನ್ನು ನಿಘಂಟಿನಲ್ಲಿ ಸ್ವಸ್ಥಾನಗಳಿಗೆ ಮರಳಿ ತಂದು ನಿಲ್ಲಿಸಿದರು.

ನಿಘಂಟಿನ ಕೆಲಸವು ಸುಮಾರು ಇಪ್ಪತ್ತು ವರ್ಷಗಳ ಕಾಲ ಅವರನ್ನು ಹಿಡಿದಿತ್ತು. ರೀವರ ನಿಘಂಟನ್ನು ಡೇನಿಯಲ್ ಸ್ಯಾಂಡರ್‌ಸನ್ ಎಂಬವರು ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದ್ದರೂ, ಹಳೆಯ ಕಾವ್ಯಗಳ ಅಚ್ಚಗನ್ನಡ ಮಾತುಗಳಿಗೆ ಅದರಲ್ಲಿ ತಕ್ಕಷ್ಟು ಎಡೆ ದೊರೆತಿರಲಿಲ್ಲ. ಈ ಕೊರತೆಯನ್ನು ತುಂಬುವುದೇ ಕಿಟೆಲರ ವ್ರತವಾಯಿತು. 1877ರಲ್ಲಿ ಅವರು ಸ್ವದೇಶಕ್ಕೆ ಹಿಂದಿರುಗಿದರು. ಆದರೆ ಹಿಡಿದ ಕೆಲಸವು ಮುಗಿದಿರಲಿಲ್ಲ. ಅದನ್ನು ಮುಗಿಸಬೇಕಾದರೆ ಕನ್ನಡವನ್ನಾಡುವ ಜನರ ನಡುವೆಯೇ ಇರಬೇಕು. ಆದಕಾರಣ 1883ರಲ್ಲಿ, ಐವತ್ತನ್ನು ದಾಟಿದ ವಯಸ್ಸಿನಲ್ಲಿ, ಮತ್ತೆ ಹಡಗನ್ನೇರಿ ಕನ್ನಡ ನಾಡಿಗೆ ಬಂದು ದುಡಿದು, 1892ರಲ್ಲಿ ಕಡೆಯ ಬಾರಿಗೆ ಈ ನಾಡನ್ನು ಬಿಟ್ಟರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಗ್ರಂಥವು ಹೊರಬಂದಿತು. ಅದರ ಪುಟಗಳು 1,752. ಅದರಲ್ಲಿರುವ ಮಾತುಗಳು ಸುಮಾರು 70,000.

ಈ ಗ್ರಂಥವನ್ನು ಬಿಚ್ಚಿ ನೋಡಿದ ಸಹೋದರಿಯರಿಗೆ ಅದರ ಕ್ರಮವು ತಿಳಿದೇ ಇರುತ್ತದೆ. ಉಚ್ಚಾರವು ಒಂದೇ ಆಗಿ ಅರ್ಥವು ಬೇರೆಯಾಗಿರುವ ಮಾತುಗಳನ್ನು ಅವರು ಒಂದೇ ಗಂಟಿನಲ್ಲಿ ಕಟ್ಟದೆ, ಒಂದು, ಎರಡು, ಮೂರು ಎಂದು ಅಂಕಿಗಳನ್ನು ಕೊಟ್ಟು ಬೇರೆ ಬೇರೆ ಮನೆಗಳಲ್ಲಿ ಇರಿಸಿದ್ದಾರೆ. ಸಂಸ್ಕೃತದಿಂದ ಬಂದು ಕನ್ನಡದ ಉಡುಗೆಯನ್ನು ತೊಟ್ಟ ತದ್ಭವಗಳಿಗೆ ಅವುಗಳ ಮೂಲವನ್ನು ತೋರಿಸಿದ್ದಾರೆ. ತಮಿಳು, ತೆಲುಗು, ಮಲೆಯಾಳ, ತುಳು ಮುಂತಾದ ಸೋದರಭಾಷೆಗಳಲ್ಲಿ ಅದೇ ಮಾತಿಗೆ ಯಾವ ರೂಪವಿದೆಯೆಂಬುದನ್ನು ಸೂಚಿಸಿದ್ದಾರೆ. ಮೈಸೂರು ಸೀಮೆಯಲ್ಲಿ ಕೇಳಿದ್ದಕ್ಕೆ ಮೈಸೂರಿನ ಗುರುತು, ಧಾರವಾಡದ ಕಡೆಯ ದಕ್ಷಿಣ ಮಹಾರಾಷ್ಟ್ರ ಸೀಮೆಯದಕ್ಕೆ ಆ ಸೀಮೆಯ ಗುರುತು. ಪಂಡಿತರ ಮಾತಿನ ಪಕ್ಕದಲ್ಲಿಯೇ ಗದ್ದೆಯಲ್ಲಿಯೂ ಜಗಲಿಯಲ್ಲಿಯೂ ಆಡುವ ಗಾದೆಗಳು ಸಾಲುಗಟ್ಟಿ ನಿಂತಿವೆ. ಅಡಿಗೆಯ ಮನೆಯ ಮಾತೆಂದು ಯಾವುದನ್ನೂ ಬಾಗಿಲ ಹೊರಗೆ ನಿಲ್ಲಿಸಲಿಲ್ಲ.

ಈಗ ನಾವು ಆರಂಭದಲ್ಲಿ ಹೇಳಿದ ಹಾಲಿನ ಮಾತಿಗೆ ಬರೋಣ. ಕಿಟೆಲರ ನಿಘಂಟಿನಲ್ಲಿ ಹಾಲು ಎಂಬುದನ್ನು ಹುಡುಕಿದವರಿಗೆ ಅದರ ಹಳೆಯ ರೂಪವಾದ ಪಾಲ್ ಎಂಬುದೂ ದೊರೆಯುತ್ತದೆ. ಹಕ್ಕಿಯ ಹಿಂದಿನ ರೂಪವು ಪಕ್ಕಿ, ಹುಲಿಯದು ಪುಲಿ, ಹಂದಿಯದು ಪಂದಿ, ಹರಸು ಎಂಬುದು ಪರಸು. ಮಂಗಳೂರಿನ ಬೀದಿಯಲ್ಲಿ ತುಳುವನ್ನಾಡುವವರ ಬಾಯಲ್ಲಿ ಹಕ್ಕಿಯು ಇಂದಿಗೂ ಪಕ್ಕಿಯೇ, ಹುಲಿಯು ಪಿಲಿಯೇ. ಹತ್ತನೆಯ ಶತಮಾನದ ಪಂಪನು ಹಾಲಿಗೆ ಪಾಲ್ ಎಂದೇ ಬರೆದನು. ಅನಂತರದ ಕೆಲವು ಶತಮಾನಗಳಲ್ಲಿ ಮಾತಿನ ಮೊದಲಿನ ಪಕಾರವು ಮೆಲ್ಲಮೆಲ್ಲನೆ ಸಡಿಲಿ ಹಕಾರವಾಯಿತು. ಆ ಹಕಾರವೂ ಕೆಲವು ಸೀಮೆಗಳಲ್ಲಿ ಸಡಿಲಿ ಬರಿಯ ಉಸಿರಾಗಿ ಮಾಯವಾದರೆ ಉಳಿಯುವುದು ಆಲು.

ಸಹೋದರಿಯರೇ, ಇದನ್ನು ತಿಳಿದ ಮೇಲೆ ನಮ್ಮ ನಗೆಯು ಎಲ್ಲಿ ನಿಂತೀತು? ಆಲೆಂದವಳನ್ನು ಕಂಡು ಹಾಲೆನ್ನುವವಳು ನಗುತ್ತಾಳೆ. ಪಂಪನ ಕಾಲದವರು ಎದ್ದು ಬಂದರೆ ಹಾಲೆನ್ನುವವಳನ್ನು ಕಂಡು ಅವರೂ ನಗಬಹುದಷ್ಟೆ. ಪಾಲನ್ನು ಹಾಲೆಂದು ಕೆಡಿಸಿದವರ ಮೊಮ್ಮಕ್ಕಳು ನಾವೆಲ್ಲರೂ. ಇಬ್ಬರು ಹುಡುಗಿಯರೂ ಒಂದೇ ಮೆಟ್ಟಿಲುಗಳಲ್ಲಿ ಇಳಿದವರು. ಒಬ್ಬಳು ಒಂದು ಮೆಟ್ಟಿಲು ಮುಂದೆ ನಿಂತಿದ್ದಾಳೆ, ಅಷ್ಟೇ. ಇದರಲ್ಲಿ ಬುದ್ಧಿಯ ಕೊರತೆಯೂ ಇಲ್ಲ, ಕುಲದ ಕೊರತೆಯೂ ಇಲ್ಲ.

ಹಾಗೆಂದು ಹೇಗೆ ಆಡಿದರೂ ಸರಿಯೆಂದು ನಾವು ಹೇಳುವುದಿಲ್ಲ. ಕಿಟೆಲರ ಗ್ರಂಥವೂ ಹಾಗೆ ಹೇಳುವುದಿಲ್ಲ. ಹಕ್ಕಿಗೆ ಅಕ್ಕಿಯನ್ನು ಹಾಕು ಎಂಬ ಮಾತು ಅಕ್ಕಿಗೆ ಅಕ್ಕಿಯನ್ನು ಆಕು ಎಂದಾದರೆ ಕೇಳಿದವರಿಗೆ ತೊಡಕಾಗುವುದು ನಿಶ್ಚಯ. ಅರಸುವುದೆಂದರೆ ಹುಡುಕುವುದು, ಹರಸುವುದೆಂದರೆ ಆಶೀರ್ವದಿಸುವುದು. ಮದುವೆಯ ಮಂಟಪದಲ್ಲಿ ಹಿರಿಯರು ವಧುವರರನ್ನು ಅರಸಿದರೆಂದು ಪತ್ರಿಕೆಯಲ್ಲಿ ಅಚ್ಚಾದರೆ, ಅವರು ಎಲ್ಲಿ ಕಳೆದುಹೋಗಿದ್ದರೆಂದು ಓದುವವರು ಕೇಳಬಹುದು. ಒಂದು ಭೇದವು ಅಳಿದರೆ ಭಾಷೆಯ ಒಂದು ಗೋಡೆಯು ಬೀಳುತ್ತದೆ. ಕರೆ, ಕಱೆಗಳ ಗೋಡೆಯು ಬಿದ್ದ ಕಾಲಕ್ಕೆ ನಾವಿರಲಿಲ್ಲ, ಅದನ್ನು ನಿಲ್ಲಿಸುವುದು ನಮ್ಮಿಂದಾಗದು. ಇನ್ನೂ ನಿಂತಿರುವ ಗೋಡೆಗಳನ್ನು ಕಾಯುವುದು ಶಾಲೆಯ ಧರ್ಮ. ಆದಕಾರಣ ಉಪಾಧ್ಯಾಯಿನಿಯು ಹುಡುಗಿಗೆ ಹಕಾರವನ್ನು ಕಲಿಸಲಿ. ಅವಳ ಮನೆಯ ಮಾತು ಹೀನವೆಂದು ಹೇಳಿ ಕಲಿಸುವುದು ಬೇಡ. ಸಭೆಯಲ್ಲಿಯೂ ಬರಹದಲ್ಲಿಯೂ ಈ ಮಾತಿಗೆ ಈ ಉಡುಗೆ ಬೇಕೆಂದು ತೋರಿಸಿ ಕಲಿಸಿದರೆ ಸಾಕು.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ತಪ್ಪನ್ನು ಕಂಡು ಸಿಡುಕುವವರು ತಪ್ಪಿಲ್ಲದ ಕಡೆಯಲ್ಲಿಯೂ ಸಿಡುಕುವುದುಂಟು. ಘಂಟೆಯೇ ಸರಿ, ಗಂಟೆಯೆಂಬುದು ಅಪಭ್ರಂಶವೆಂದು ಮಕ್ಕಳ ಪುಸ್ತಕದ ಮೇಲೆ ಕೆಂಪು ಶಾಯಿಯಿಂದ ಗೀಟು ಹಾಕುವವರಿದ್ದಾರೆ. ಘಂಟೆಯು ಸಂಸ್ಕೃತದ್ದು, ಗಂಟೆಯು ಅದರ ತದ್ಭವ. ಇಂಥ ತದ್ಭವಗಳಿಗೆ ಕೇಶಿರಾಜನು ತನ್ನ ವ್ಯಾಕರಣದಲ್ಲಿ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಅಡಿಗೆಯೋ ಅಡುಗೆಯೋ ಎಂದು ಅತ್ತೆ ಸೊಸೆಯರು ವಾದಿಸಿದರೆ ಇಬ್ಬರೂ ಗೆದ್ದರೆಂದೇ ಹೇಳಬೇಕಾಗುತ್ತದೆ. ಕಿಟೆಲರ ನಡತೆಯಿಂದ ನಾವು ಕಲಿಯತಕ್ಕ ಪಾಠವು ಇದೇ: ಸಿಡುಕುವ ಮೊದಲು ವಿಚಾರಿಸಬೇಕು. ಈ ಮಾತು ಎಲ್ಲಿಂದ ಬಂದಿತು, ಯಾವ ಸೀಮೆಯದು, ಯಾವ ಕಾಲದ್ದು, ಇದರ ಜತೆಯ ಮಾತು ಯಾವುದು ಎಂದು ಕೇಳಿಕೊಳ್ಳುವಷ್ಟರಲ್ಲಿ ಅರ್ಧ ಕೋಪವು ಇಳಿದುಹೋಗುತ್ತದೆ. ಉಳಿದ ಅರ್ಧವು ಕಲಿಸುವ ಉತ್ಸಾಹವಾಗಿ ಮಾರ್ಪಡುತ್ತದೆ.

ಕಿಟೆಲರು ಕಡೆಯ ವರ್ಷಗಳನ್ನು ಜರ್ಮನಿಯ ಟ್ಯೂಬಿಂಗೆನ್ ಪಟ್ಟಣದಲ್ಲಿ ಕಳೆದರು. 1896ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಎಂಬ ಗೌರವಪದವಿಯನ್ನಿತ್ತು ಸನ್ಮಾನಿಸಿತು. ಹಿಂದೆ ಸಂದೇಹಕ್ಕೆ ಕಾರಣವಾಗಿದ್ದ ಕೆಲಸವೇ ಹೀಗೆ ಮಾನಕ್ಕೆ ಕಾರಣವಾಯಿತು. ಆದರೂ ಅವರು ವಿಶ್ರಮಿಸಿಕೊಳ್ಳಲಿಲ್ಲ. ಹಳೆಗನ್ನಡ, ನಡುಗನ್ನಡ, ಹೊಸಗನ್ನಡಗಳೆಂಬ ಮೂರು ಅವಸ್ಥೆಗಳನ್ನೂ ಒಳಗೊಂಡ ಕನ್ನಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದರು. ಅದು 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರ್ ತಿಂಗಳಿನಲ್ಲಿ, ತಮ್ಮ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವರು ಟ್ಯೂಬಿಂಗೆನ್ನಿನಲ್ಲಿ ದೇಹವನ್ನು ಬಿಟ್ಟರು. ಕನ್ನಡ ನಾಡಿನಿಂದ ದೂರವಾಗಿ ಹನ್ನೊಂದು ವರ್ಷಗಳಾಗಿದ್ದರೂ ಬಾಳಿನ ಕಡೆಯ ವರ್ಷದವರೆಗೂ ಕನ್ನಡದ ಕೆಲಸವು ಅವರ ಕೈಯನ್ನು ಬಿಟ್ಟಿರಲಿಲ್ಲ.

ಅವರ ನಿಘಂಟಿನಲ್ಲಿ ದೋಷಗಳೇ ಇಲ್ಲವೆಂದಲ್ಲ. ಅವರ ಕಣ್ಣಿಗೆ ಬೀಳದ ಕಾವ್ಯಗಳೂ ಶಾಸನಗಳೂ ಅನಂತರ ಬೆಳಕಿಗೆ ಬಂದವು. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ಬೆಳೆಸಿದ ಆವೃತ್ತಿಯು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಾಗಿ ಮದರಾಸು ವಿಶ್ವವಿದ್ಯಾನಿಲಯದಿಂದ ಪ್ರಕಟವಾಯಿತು. ಕನ್ನಡ ಸಾಹಿತ್ಯ ಪರಿಷತ್ತು ಅನೇಕ ವಿದ್ವಾಂಸರ ಸಹಾಯದಿಂದ ಎಂಟು ಸಂಪುಟಗಳ ಕನ್ನಡ ನಿಘ೦ಟನ್ನು ಹೊರತಂದಿತು. ಧಾರವಾಡದಲ್ಲಿ ಇವರ ಹೆಸರಿನ ಕಾಲೇಜೂ ಬೆಂಗಳೂರಿನಲ್ಲಿ ಇವರ ಪ್ರತಿಮೆಯೂ ಇವೆ. ಆದರೆ ಒಬ್ಬ ಕನ್ನಡಿಗನು ಯಾವುದೋ ಮಾತಿನಲ್ಲಿ ಸಂದೇಹ ಬಂದು, ಕಿಟೆಲನ್ನು ನೋಡೋಣ ಎಂದು ಎದ್ದು ಹೋಗುವಾಗ ಸಲ್ಲುವ ಗೌರವವು ಕಲ್ಲಿನ ಪ್ರತಿಮೆಗಿಂತ ದೊಡ್ಡದು. ಮನುಷ್ಯನ ಹೆಸರೇ ಗ್ರಂಥದ ಹೆಸರಾಗಿಬಿಟ್ಟ ಭಾಗ್ಯವು ಎಷ್ಟು ಮಂದಿಗೆ ದೊರೆತೀತು?

ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಇಂದು ತಾಯಂದಿರಾಗಿದ್ದೀರಿ, ಕೆಲವರು ಉಪಾಧ್ಯಾಯಿನಿಯರಾಗಿದ್ದೀರಿ. ಮಗುವಿನ ಮಾತಿನಲ್ಲಿಯಾಗಲಿ ಮನೆಗೆಲಸದವಳ ಮಾತಿನಲ್ಲಿಯಾಗಲಿ ಒಂದು ಅಕ್ಷರವು ತಪ್ಪಿದಾಗ ನಿಮ್ಮ ಕಿವಿಗೆ ಚುಚ್ಚಿದಂತಾಗುವುದು ಸಹಜ. ಆ ಚುಚ್ಚುವಿಕೆಯು ಒಳ್ಳೆಯ ಕಿವಿಯ ಲಕ್ಷಣವೇ ಹೌದು. ಅದನ್ನು ಕಳೆದುಕೊಳ್ಳಬೇಡಿರಿ, ನಾಲಗೆಗೆ ಮಾತ್ರ ಸ್ವಲ್ಪ ತಡೆಯನ್ನು ಕಲಿಸಿರಿ. ಮಗುವನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಎರಡು ಮಾತುಗಳನ್ನೂ ಒಂದರ ಕೆಳಗೆ ಒಂದಾಗಿ ಬರೆದು ತೋರಿಸಿರಿ. ಇದು ಗಾಳಿ, ಇದು ಬೆಂಕಿ. ಇದು ಬಯಕೆ, ಇದು ಅಲಕ್ಷ್ಯ ಎಂದು ಹೇಳಿರಿ. ಹಾಲಿನ ಮಾತು ಬಂದರೆ ಪಾಲಿನ ಕತೆಯನ್ನೂ ಹೇಳಿರಿ. ಗದರಿಸಿ ಕಲಿಸಿದ ಅಕ್ಷರವನ್ನು ಮಗು ಹೆದರಿಕೆಯಿರುವವರೆಗೆ ನೆನಪಿಡುತ್ತದೆ. ಕತೆಯೊಂದಿಗೆ ಕಲಿಸಿದ ಅಕ್ಷರವು ಬಾಳಿನುದ್ದಕ್ಕೂ ಉಳಿಯುತ್ತದೆ.

ಪರದೇಶದಿಂದ ಬಂದ ಒಬ್ಬ ತರುಣನು ನಮ್ಮ ಹಲ್ಲಿಗೂ ಹಳ್ಳಿಗೂ ಭೇದವನ್ನು ಕಷ್ಟಪಟ್ಟು ಕಲಿತು, 70,000 ಮಾತುಗಳಿಗೆ ಒಂದೊಂದು ಮನೆಯನ್ನು ಕಟ್ಟಿಕೊಟ್ಟು ಹೋದನು. ಆ ಮನೆಗಳಲ್ಲಿ ದೀಪವನ್ನು ಹಚ್ಚಿಡುವ ಕೆಲಸವು ಈ ಭಾಷೆಯಲ್ಲಿಯೇ ಹುಟ್ಟಿ ಬೆಳೆದ ನಮ್ಮದಾಗಿದೆ.